ಅರ್ಧ ಕತ್ತರಿಸಿದ ಹ್ಯಾಂಡಲ್

ಸ್ವೀಡನ್ನಿನ ಒಂದು ಹಳೆಯ ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ನೀರುಕಟ್ಟೆ ಗುನ್ವೋರಳ ಉಸ್ತುವಾರಿಯಲ್ಲಿತ್ತು. ಕಬ್ಬಿಣದ ಉದ್ದ ಹ್ಯಾಂಡಲ್ ತಿರುಗಿಸಿದರೆ ಹಲ್ಲುಚಕ್ರಗಳು ಸುತ್ತಿ ತೂಬಿನ ಹಲಗೆ ಮೇಲೇಳುತ್ತಿತ್ತು. ಪಕ್ಕದಲ್ಲೇ ಅವಳ ಅಣ್ಣ ಸಿಕ್ಸ್ಟನ್ ಕಾಫಿ ಅಂಗಡಿ ಇಟ್ಟಿದ್ದ.

ಗುನ್ವೋರ್ ರಜೆ ಮುಗಿಸಿ ಬಂದ ಬೆಳಿಗ್ಗೆ ಹ್ಯಾಂಡಲ್ ಹಿಡಿದರೆ ಅದು ಅಲ್ಲಾಡಲಿಲ್ಲ. ಮೈಯೆಲ್ಲ ಭಾರ ಹಾಕಿ ಒತ್ತಿದಳು. ಬಲಭುಜದಲ್ಲಿ ಛಳುಕು ಹೊಡೆಯಿತು. ಆಮೇಲೆ ಕಂಡಿತು: ಹ್ಯಾಂಡಲಿನ ತೋಳನ್ನು ಅರ್ಧಕ್ಕೆ ಕೊಯ್ದು, ಹಿಡಿಯನ್ನು ಅಲ್ಲೇ ಬೆಸೆದಿದ್ದರು. ತೋಳು ಸುತ್ತುತ್ತಿದ್ದ ಜಾಗದಲ್ಲಿ ಅಂಗಡಿಯ ಹೊಸ ಮೇಜೊಂದು ಕೂತಿತ್ತು.

ಸಿಕ್ಸ್ಟನ್ ತನ್ನದೇ ಕೆಲಸವೆಂದು ಸಲೀಸಾಗಿ ಒಪ್ಪಿಕೊಂಡ. ಉದ್ದ ತೋಳು ಗಿರಾಕಿಗಳಿಗೆ ತಾಗುತ್ತಿತ್ತಂತೆ.

"ಅದಕ್ಯಾಕೆ ಇಷ್ಟು ಸಿಟ್ಟು? ಸುತ್ತೋದೂ ಅಷ್ಟೇ ಸುತ್ತು, ಹಲಗೆ ಏಳೋದೂ ಅಷ್ಟೇ ಎತ್ತರ. ಕೆಲಸ ಎಲ್ಲಿ ಜಾಸ್ತಿ ಆಯ್ತು?"

ಅವನ ಮಾತು ಸುಳ್ಳಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

"ಕೆಲಸ ಅಷ್ಟೇ ಅಣ್ಣ. ಆದ್ರೆ ತೋಳು ಅರ್ಧ ಆದ್ರೆ ಕೈ ಓಡೋ ದಾರೀನೂ ಅರ್ಧ. ಚಕ್ರದ ಅಚ್ಚಿಗೆ ಬೇಕಾದ ತಿರುಚೋ ಬಲ ಕಮ್ಮಿ ಆಗ್ಲಿಲ್ವಲ್ಲ. ಎರಡರಷ್ಟು ಜೋರು ಹಾಕ್ಬೇಕು. ಆ ಜೋರು ಎಲ್ಲಿಂದ ಬರುತ್ತೆ, ನಿನ್ನ ಮೇಜಿಂದಾನಾ?"

"ನಿಂಗೆ ವಯಸ್ಸಾಯ್ತು ಅನ್ನು," ಎಂದು ನಕ್ಕ ಅವನು. ಗಿರಾಕಿಗಳೂ ನಕ್ಕರು.

ಗುನ್ವೋರ್ ಗುಜರಿಯಲ್ಲಿ ಬಿದ್ದಿದ್ದ ತೋಳಿನ ತುಂಡನ್ನು ಹುಡುಕಿ ತಂದಳು. ಹಿಡಿಯನ್ನು ಕೊಯ್ದು, ತುಂಡನ್ನು ಕೂಡಿಸಿ, ತುದಿಗೆ ಮತ್ತೆ ಹಿಡಿ ಕೂರಿಸಿ ತಾನೇ ವೆಲ್ಡಿಂಗ್ ಮಾಡಿದಳು. ಕೆಳಗೆ ದೋಣಿಗಳು ಸಾಲುಗಟ್ಟಿದವು. ಕಾಯಲಿ ಎಂದುಕೊಂಡಳು. ಬೆಸುಗೆ ಆರಿದ ಮೇಲೆ ಮೇಜಿನಲ್ಲಿದ್ದವರನ್ನು ಎಬ್ಬಿಸಿ ದೂರ ಕಳಿಸಿದಳು.

"ಮೇಜು ತೆಗಿ."

ಸಿಕ್ಸ್ಟನ್ ಕೈಕಟ್ಟಿ ನಿಂತ. "ತೆಗೆಯಲ್ಲ."

ಅವಳು ತಿರುಗಿಸಿದಳು. ತೋಳು ಸುತ್ತಿ ಬಂದು ಮೇಜಿನ ಅಂಚಿಗೆ ಸಿಕ್ಕಿತು, ಮೇಜು ವಾಲಿತು, ಬಟ್ಟಲು, ದಾಲ್ಚಿನ್ನಿ ಬನ್ನು ಎಲ್ಲ ಕಾಲುವೆಗೆ ಬಿದ್ದವು. ಅಣ್ಣ ಬೈಯುತ್ತ ಮೇಜನ್ನು ಎಳೆದುಕೊಂಡ. ಅವಳು ನಿಲ್ಲಿಸಲಿಲ್ಲ. ಹಲಗೆ ಎದ್ದಿತು, ನೀರು ನುಗ್ಗಿತು, ದೋಣಿಗಳು ಒಂದೊಂದಾಗಿ ಮೇಲೆ ಬಂದವು.

ಮರುದಿನ ಅವನು ಮೇಜುಗಳನ್ನೆಲ್ಲ ಅಂಗಡಿಯ ಹಿಂದಕ್ಕೆ ಸರಿಸಿದ. ಕ್ಷಮೆ ಕೇಳಲಿಲ್ಲ. ಕಾಫಿಗೆ ಮಾತ್ರ ಕರೆದ. ಗುನ್ವೋರ್ ಹೋಗಲಿಲ್ಲ. ಅವಳಿಗೆ ಭುಜದ ನೋವಿಗಿಂತ ಆ ನಗು ಹೆಚ್ಚು ಚುಚ್ಚಿತ್ತು.