ಕೂಗದ ಎಲ್ಕ್

ನನ್ನ ಮಂಡಿಯ ಆಪರೇಷನ್ ಆದ ಮೇಲೆ ತಮ್ಮ ಓರಿನ್ ಒಂದು ಷರತ್ತು ಹಾಕಿದ. ಈ ಸೆಪ್ಟೆಂಬರಿನಲ್ಲಿ ನಾನು ಎಲ್ಕ್, ಅಂದರೆ ಕಡವೆಯಂಥ ದೊಡ್ಡ ಜಿಂಕೆ, ಹೊಡೆಯದೆ ಬೆಟ್ಟ ಇಳಿದರೆ ಇದೇ ನನ್ನ ಕೊನೆಯ ಬೇಟೆ. ಬರುವ ವರ್ಷದಿಂದ ನನ್ನ ಜಾಗ ಅವನ ಅಳಿಯನಿಗೆ. ಒಪ್ಪಿಕೊಂಡೆ. ಅಮೆರಿಕದ ಐಡಹೊದ ಈ ಬೆಟ್ಟಗಳನ್ನು ನಲವತ್ತು ವರ್ಷ ಹತ್ತಿದವಳು ನಾನು. ಅವನಿಗೆ ಬಂದೂಕು ಹಿಡಿಯಲು ಕಲಿಸಿದ್ದೂ ನಾನೇ. ಒಳಗೊಳಗೇ ಮೈ ಉರಿದಿತ್ತು, ಅದು ಬೇರೆ ಮಾತು.

ಬೇಟೆಯ ಕೊನೆಯ ದಿನ ಬೆಳಕು ಹರಿಯುತ್ತಲೇ ಓರಿನ್ ಗುಡ್ಡದ ನೆತ್ತಿಗೆ ಹೋದ, ಪಕ್ಕದ ಮನೆಯ ವೆಂಡೆಲ್ ಹಳ್ಳದ ಆಚೆಗೆ. ಇಬ್ಬರ ಬಳಿಯೂ ಗಂಡು ಎಲ್ಕಿನಂತೆ ಕೂಗಿ ಇನ್ನೊಂದು ಗಂಡನ್ನು ಕೆಣಕಿ ಕರೆಯುವ ಕೊಳವೆ. ನನಗೆ ಟೆಂಟಿನ ಹತ್ತಿರವೇ ಇರು ಅಂದರು. ಅವರು ಮರೆಯಾದ ಮೇಲೆ ಕೋಲೂರಿಕೊಂಡು ಎರಡು ಶಿಖರಗಳ ನಡುವಿನ ತಗ್ಗಿಗೆ ಹೋಗಿ, ಗಾಳಿ ಮುಖಕ್ಕೆ ಬರುವ ಹಾಗೆ ಬಂಡೆಯ ಹಿಂದೆ ಕೂತೆ.

ನೆತ್ತಿಯಿಂದ ಒಂದು ಕೂಗು, ಹಳ್ಳದಾಚೆಯಿಂದ ಉತ್ತರ. ಎರಡು ಗಂಟೆ ಇದೇ ನಡೆಯಿತು. ಕೂಗುಗಳು ಹತ್ತಿರ ಹತ್ತಿರ ಆಗುತ್ತಿದ್ದವು. ಉತ್ತರದ ಕೂಗಿನ ಕೊನೆಯಲ್ಲಿ ವೆಂಡೆಲ್‌ನ ಸಿಗರೇಟಿನ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು. ನಗು ತಡೆದುಕೊಂಡೆ. ಇಷ್ಟು ಗಲಾಟೆಯಾದರೆ ಬುದ್ಧಿಯಿರುವ ಗಂಡು ಬಾಯಿ ಮುಚ್ಚಿಕೊಂಡು ಜಾಗ ಖಾಲಿ ಮಾಡುತ್ತದೆ, ಅದೂ ಈ ತಗ್ಗಿನ ಮೂಲಕವೇ.

ಬಂತು. ಆರು ಕವಲಿನ ಕೊಂಬು, ಸದ್ದೇ ಇಲ್ಲ. ಎಂಬತ್ತು ಗಜ, ಒಂದೇ ಗುಂಡು. ನಾಲ್ಕು ಹೆಜ್ಜೆ ಇಟ್ಟು ಮಲಗಿತು. ಹತ್ತಿರ ಹೋಗಿ ಕತ್ತು ಸವರಿದೆ. ಕಣ್ಣು ತುಂಬಿತು, ಪ್ರತಿ ಸಲವೂ ತುಂಬುತ್ತದೆ. ಕಾನೂನಿನಂತೆ ಪರವಾನಗಿ ಚೀಟಿಯಲ್ಲಿ ಅಂದಿನ ತಾರೀಖಿನ ಗುರುತು ಕತ್ತರಿಸಿ ಕೊಂಬಿಗೆ ಕಟ್ಟಿದೆ.

ಮಾಂಸ ಹೊರುವ ಹೇಸರಗತ್ತೆಗಳನ್ನು ಹೊಡೆದುಕೊಂಡು ಮೊದಲು ಬಂದವಳು ಓರಿನ್‌ನ ಮಗಳು ಜಾಸ್. ಟೆಂಟಿನ ಬಳಿಯಿಂದ ದುರ್ಬೀನಿನಲ್ಲಿ ಎಲ್ಲ ನೋಡಿದ್ದಳು.

"ಆರ್ಡಿತ್ ಅತ್ತೆ, ಇಬ್ರೂ ಹೊಟ್ಟೆ ಮೇಲೆ ತೆವಳ್ಕೊಂಡು ಬಂದು, ಒಂದೇ ಮರದ ಆಚೆ ಈಚೆ ಕೂತು ಕೂಗ್ತಿದ್ರು. ಅಪ್ಪ ಇಣುಕಿದ್ರೆ ವೆಂಡೆಲ್ ಮಾವ."

ಅಷ್ಟರಲ್ಲಿ ಅವರೂ ಬಂದರು, ಅಂಗಿಯ ಮುಂಭಾಗವೆಲ್ಲ ಮಣ್ಣು. ವೆಂಡೆಲ್ ಹೇಸರಗತ್ತೆಯ ಹಗ್ಗ ಸರಿಮಾಡುವುದರಲ್ಲಿ ಮುಳುಗಿದ. ಓರಿನ್ ಚರ್ಮ ಸುಲಿಯಲು ಚಾಕುವಿಗೆ ಕೈ ಚಾಚಿದ.

"ನನ್ನ ಎಲ್ಕ್, ನನ್ನ ಚಾಕು," ಅಂದೆ. "ನೀನು ಕಾಲು ಹಿಡ್ಕೋ."

ಹಿಡಿದುಕೊಂಡ. ಅರ್ಧ ಸುಲಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ:

"ಬರೋ ವರ್ಷ ನಮ್ಮನ್ನ ಎಲ್ಲಿ ಕೂರಿಸ್ತೀಯ, ಅಕ್ಕ?"