ನೀಲವ್ವನ ಸೀಲಿಂಗು ಮತ್ತು ನಾನು

ನಾನು ಒಂದು ಪುಟ್ಟಿ ಬ್ಲೇಡು. ಬಣ್ಣ ಹಚ್ಚುವ ಮೊದಲು ಬಿರುಕುಗಳಿಗೆ ಪುಟ್ಟಿ ತುಂಬಿ ಸಮ ಮಾಡುವ, ಅಂಗೈ ಅಗಲದ ತೆಳು ಉಕ್ಕಿನ ತುಂಡು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹುಟ್ಟಿ, ಮರದ ಹಿಡಿ ತೊಟ್ಟು, ಗದುಗಿನ ಹಾರ್ಡ್‌ವೇರ್ ಅಂಗಡಿಯ ಮೊಳೆಗೆ ನೇತುಬಿದ್ದಿದ್ದೆ. ಪೇಂಟರ್ ಮೌನೇಶ ನನ್ನನ್ನು ಬಾಗಿಸಿ ನೋಡಿದ. ಬಿಟ್ಟೊಡನೆ ನೆಟ್ಟಗಾದೆ. ಮೆಚ್ಚಿ ಕೊಂಡೊಯ್ದ.

ಆರು ವರ್ಷ ನಾವು ತಲೆಯೆತ್ತಿಕೊಂಡೇ ಕೆಲಸ ಮಾಡಿದೆವು. ಆಮೇಲೆ ನೀಲವ್ವನ ಮನೆಗೆ ಹೋದೆವು.

ನೀಲವ್ವ ರವಿಕೆ ಹೊಲಿಯುವಾಕೆ. ಮುಂದಿನ ಕೋಣೆಯಲ್ಲಿ ಅವಳ ಮಷಿನ್ನು, ನೆತ್ತಿಯ ಮೇಲೆ ಜಿಪ್ಸಂ ಬೋರ್ಡಿನ ಸೀಲಿಂಗು. ಎರಡು ಬೋರ್ಡು ಕೂಡುವಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮೌನೇಶ ಏಣಿ ಹತ್ತಿ ನನ್ನನ್ನು ಬಿರುಕಿಗೆ ಒತ್ತಿದ. ಬೋರ್ಡು ಮೇಲಕ್ಕೆ ಸರಿದು ಮತ್ತೆ ಜೋತುಬಿತ್ತು. ತಿರುಪುಗಳು ಹಿಡಿತ ಬಿಟ್ಟಿದ್ದವು. ಹೊಸ ತಿರುಪು ಬಿಗಿದು, ಬಿರುಕಿಗೆ ಜಾಳಿಗೆ ಟೇಪು ಅಂಟಿಸಿ, ಆಮೇಲಷ್ಟೇ ಪುಟ್ಟಿ ಹಚ್ಚಬೇಕು. ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ತಿರುಪು ಬಿಗಿಯುವ ಮಷಿನ್ನು ಊರಾಚೆಯ ಇನ್ನೊಂದು ಮನೆಯಲ್ಲಿ ಉಳಿದಿತ್ತು. ತರಲು ಹೋದರೆ ಅರ್ಧ ದಿನ ಹಾಳು. ಪುಟ್ಟಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಳಿಕ ನನ್ನನ್ನು ಪುಟ್ಟಿಯಲ್ಲಿ ಅದ್ದಿದ.

ಮೂರು ಸಲ ಎಳೆದೆವು. ಉಪ್ಪುಕಾಗದದಿಂದ ತಿಕ್ಕಿ, ಪ್ರೈಮರ್ ಬಳಿದು, ಬಿಳಿ ಬಣ್ಣ ಹೊಡೆದ. ಗಟ್ಟಿಯಾಯಿತೇ ಎಂದು ನೀಲವ್ವ ಕೇಳಿದಾಗ, ಹತ್ತು ವರ್ಷ ಚಿಂತೆಯಿಲ್ಲ ಅಂದ. ಅವಳು ಅವನಿಗೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು.

ನಾಲ್ಕನೆಯ ತಿಂಗಳಲ್ಲಿ ಬೋರ್ಡು ಕಳಚಿ ಬಿತ್ತು. ಕೆಳಗೆ ಹೊಲಿಯುತ್ತಿದ್ದ ನೀಲವ್ವನ ಬಲ ಮಣಿಕಟ್ಟು ಮುರಿಯಿತು.

ರಿಪೇರಿಗೆ ನಮ್ಮನ್ನೇ ಕರೆಸಿದಳು. ಮೌನೇಶನ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೊಸೆ ಪ್ರೇಮಾ ಮಾಳಿಗೆಗೆ ನೀರು ಸುರಿದು ತೊಳೆದಳು, ಅದು ಇಳಿದು ಬೋರ್ಡು ನೆನೆಯಿತು ಎಂಬುದೇ ಅವಳ ತೀರ್ಮಾನ. ಓಣಿಯವರೂ ಹಾಗೆಯೇ ಆಡಿಕೊಳ್ಳುತ್ತಿದ್ದರು. ಪ್ರೇಮಾ ಮೂಲೆಯಲ್ಲಿ ಕೂತು ರವಿಕೆಗೆ ಹುಕ್ಕು ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

ಉಳಿದ ಅಂಚನ್ನು ಮೌನೇಶ ನನ್ನಿಂದ ಕೆರೆದ. ಒಣ ಪುಡಿ ಉದುರಿತು. ತೇವದ ಕಲೆ ಎಲ್ಲಿಯೂ ಇರಲಿಲ್ಲ. ಮೌನೇಶ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ.

ಎರಡು ದಿನ ಬಾಯಿ ಬಿಡಲಿಲ್ಲ. ಹೊಸ ಬೋರ್ಡು ಏರಿಸಿ ಗೇಣಿಗೊಂದು ತಿರುಪು ಬಿಗಿದ. ರೊಟ್ಟಿ ಕೊಟ್ಟರೆ ಹಸಿವಿಲ್ಲ ಅಂದ. ಮೂರನೆಯ ದಿನ ನೀಲವ್ವ, ತನ್ನ ಅನ್ನಕ್ಕೆ ಕಲ್ಲು ಹಾಕಿದವಳು ಮನೆಯೊಳಗೇ ಇದ್ದಾಳೆ ಎಂದು ಸೊಸೆಗೆ ಕೇಳುವಂತೆ ಅಂದಳು. ಮೌನೇಶ ಏಣಿಯಿಂದ ಇಳಿದ.

“ಅಕ್ಕಾರ, ನೀರಿಂದ ಬಿದ್ದಿಲ್ಲರೀ. ಬೋರ್ಡ್ ಸಡಿಲಿತ್ತು. ನನಗ ಅವತ್ತ ಗೊತ್ತಾಗಿತ್ತು. ಮ್ಯಾಲ ಪುಟ್ಟಿ ಬಳದು ಹೋದೆ.”

ನೀಲವ್ವ ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ಉಂಡ ಮನಿಗೆ ಹಿಂಗ ಮಾಡ್ತಾರೇನಪಾ?”

 ಅವಳು ಸೊಸೆಯ ಕಡೆ ತಿರುಗಿದಳು. ಪ್ರೇಮಾ ಹುಕ್ಕು ಹಚ್ಚುವುದನ್ನು ನಿಲ್ಲಿಸಿ ಒಳಗೆ ಹೋದಳು.

ಕೆಲಸ ಮುಗಿಸಿ ಬಂದೆವು. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ.

ಈಗ ನನ್ನ ಅಂಚು ಸವೆದಿದೆ. ಮೌನೇಶನ ಹೆಂಡತಿ ರೊಟ್ಟಿ ಹಂಚು ಕೆರೆಯಲು ನನ್ನನ್ನು ಒಲೆಯ ಪಕ್ಕ ಇಟ್ಟುಕೊಂಡಿದ್ದಾಳೆ. ಮೊನ್ನೆ ಅವನು ಊಟಕ್ಕೆ ಕೂತು ಅವಳಿಗೆ ಹೇಳುತ್ತಿದ್ದ: ಪೇಟೆಯಲ್ಲಿ ಪ್ರೇಮಾ ಸಿಕ್ಕಿದ್ದಳಂತೆ. ನೀಲವ್ವನ ಕೈ ಕೂಡಿದರೂ ಕತ್ತರಿ ನೇರ ಓಡುವುದಿಲ್ಲವಂತೆ; ಬಟ್ಟೆ ಕತ್ತರಿಸುವವಳು ಈಗ ಪ್ರೇಮಾ. ಜಗಳವಾಡಲಿಲ್ಲವಂತೆ ಅವಳು. ಒಂದೇ ಮಾತು ಅಂದಳಂತೆ:

“ರಿಪೇರಿಗೆ ಬಂದ ದಿನಾನ ಹೇಳಿದ್ರ, ಕರಕೊಂಡ ಹೋಗ ಬಾ ಅಂತ ನಮ್ಮ ಅಣ್ಣಗ ಅಳಕೋತ ಫೋನ್ ಹಚ್ಚತಿದ್ದಿಲ್ಲರೀ.”

ಮೌನೇಶ ತುತ್ತು ಕೆಳಗಿಟ್ಟ. ಸುಳ್ಳು ಹೇಳಿದ ಆ ಒಂದು ಮಧ್ಯಾಹ್ನವನ್ನೇ ತಪ್ಪೆಂದು ನಾನು ಇಷ್ಟು ದಿನ ಎಣಿಸಿದ್ದೆ. ನಿಜ ಗೊತ್ತಿದ್ದೂ ಪ್ರೇಮಾಳ ತಲೆಯ ಮೇಲೆ ನಿಂತು ಸುಮ್ಮನೆ ಕೆಲಸ ಮಾಡಿದ ಎರಡು ದಿನಗಳೂ ಆ ಲೆಕ್ಕದಲ್ಲಿದ್ದವು. ಆ ಎರಡು ದಿನ ನಾನು ಅವನ ಕೈಯಲ್ಲೇ ಇದ್ದೆ.