ಗೇರ್ ಮೇಡಂ ಕರೆದ ಊಟ

"ಸ್ವಲ್ಪ ರಿವರ್ಸ್... ಸಾಕು ಸಾಕು. ಈಗ ಎಡಕ್ಕೆ ಹೊಡೀರಿ!"

ಟ್ಯಾಕ್ಸಿ ಡ್ರೈವರ್ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೂಗುತ್ತಿದ್ದ. ಎರಡನೆಯ ಮಹಡಿಯ ತಿರುವಿನಲ್ಲಿ ಅಜ್ಜಿಯ ಶವಪೆಟ್ಟಿಗೆ ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಮೇಲಿನ ತುದಿ ಹಿಡಿದಿದ್ದ ಅಜ್ಜಿಯ ಮಗ ಬೆವೆತು ನೀರಾಗಿದ್ದ. ಕೆಳಗಿನ ತುದಿಗೆ ಭುಜ ಕೊಟ್ಟವಳು ಅವನ ತಂಗಿ. ಗಂಡಸರು ಹಿಡಿಯುತ್ತಾರೆ ಬಿಡು ಎಂದು ಸುತ್ತಲಿನವರು ಎಷ್ಟು ಹೇಳಿದರೂ ಅವಳು ಜಗ್ಗಿರಲಿಲ್ಲ.

"ನಿಮ್ಮತ್ತೆಗೆ ಹೇಳು, ಆ ತುದಿ ಮೇಲೆತ್ತಲಿ" ಎಂದ ಅಣ್ಣ, ಹೂವಿನ ಬುಟ್ಟಿ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದ ತನ್ನ ಮಗಳಿಗೆ.

"ಎತ್ತಿದ್ದೀನಿ ಅಂತ ನಿಮ್ಮಪ್ಪನಿಗೆ ಹೇಳು. ಬಗ್ಗಬೇಕಾದವರು ಅವರು."

ಇಬ್ಬರ ನಡುವೆ ಇದ್ದದ್ದು ಪೆಟ್ಟಿಗೆಯ ಉದ್ದದಷ್ಟೇ ಜಾಗ. ಆದರೂ ಮೊಮ್ಮಗಳು ಎರಡು ಮಾತನ್ನೂ ಅತ್ತಿಂದಿತ್ತ ದಾಟಿಸಿದಳು. ಆಮೇಲೆಯೇ ತಂಗಿ ಇನ್ನಷ್ಟು ಎತ್ತಿದಳು, ಅಣ್ಣ ಬಗ್ಗಿದ. ಪೆಟ್ಟಿಗೆ ಬಿಡಿಸಿಕೊಂಡು ಕೆಳಗಿಳಿಯಿತು.

"ಮೇಡಂ ಇದ್ದಿದ್ರೆ ನಮ್ಮನ್ನೆಲ್ಲ ಫೇಲ್ ಮಾಡಿರೋರು" ಎಂದ ಟ್ಯಾಕ್ಸಿ ಡ್ರೈವರ್. ಯಾರೋ ನಕ್ಕು, ನಗು ನುಂಗಿಕೊಂಡರು.

*

ಅಜ್ಜಿಯನ್ನು ಆ ಬಡಾವಣೆಯವರೆಲ್ಲ ಕರೆಯುತ್ತಿದ್ದುದು ಗೇರ್ ಮೇಡಂ ಎಂದೇ. ಗಂಡ ತೀರಿಕೊಂಡಾಗ ಅವನ ಡ್ರೈವಿಂಗ್ ಸ್ಕೂಲಿನಲ್ಲಿ ಉಳಿದದ್ದು ಒಂದು ಹಳೆಯ ಕಾರು. ಹೆಂಗಸಿನ ಹತ್ತಿರ ಯಾರು ಕಲಿಯುತ್ತಾರೆ ಎಂದವರ ಕಣ್ಣೆದುರೇ ಅವಳು ಸ್ಕೂಲು ಮುಂದುವರಿಸಿದಳು. ಮೊದಲು ಹೆಂಗಸರು ಬಂದರು. ಪರೀಕ್ಷೆಯಲ್ಲಿ ಬಿದ್ದ ಅವರ ಗಂಡಂದಿರು ಆಮೇಲೆ ತಲೆ ತಗ್ಗಿಸಿಕೊಂಡು ಬಂದರು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ನೀನೇ ತಿರುಗಿಸು, ನಾನಿದ್ದೀನಲ್ಲ" ಎನ್ನುತ್ತಿದ್ದಳು. ಕಲಿಯುವವರ ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡವಳೇ ಅಲ್ಲ.

ವಯಸ್ಸಾದಂತೆ ಕಣ್ಣು ಮಂಜಾಯಿತು. ಒಂದು ಬೆಳಿಗ್ಗೆ ಕಾರು ಹಾಲಿನ ಅಂಗಡಿಯ ಗೋಡೆಗೆ ಗುದ್ದಿತು. ಮಾರನೆಯ ದಿನ ಅವಳು ಮಲಗಿದ್ದಾಗ ಮಗ ಬಂದು ಕಾರು ತೆಗೆದುಕೊಂಡು ಹೋದ.

"ಒಂದು ಮಾತು ಕೇಳೋಕಾಗ್ಲಿಲ್ವಾ ನಿನಗೆ? ಅಮ್ಮ ಏನು ಹಾಲು ಕುಡಿಯೋ ಮಗುವಾ?" ಎಂದು ತಂಗಿ ಅವನ ಮನೆ ಬಾಗಿಲಲ್ಲೇ ಹಾರಾಡಿದಳು.

"ನಾಳೆ ಯಾರ ಮೇಲಾದ್ರೂ ಹತ್ತಿಸಿದ್ರೆ? ಆಗ ನೀನು ಬರ್ತೀಯಾ ಮುಂದೆ?"

ಅಲ್ಲಿಗೆ ಅಣ್ಣ ತಂಗಿಯ ನಡುವೆ ಮಾತೇ ನಿಂತುಹೋಯಿತು. ಅಜ್ಜಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಎರಡೂ ಮನೆಗೆ ನಡೆದುಕೊಂಡೇ ಹೋಗಿ ಬರತೊಡಗಿದಳು.

*

ಶವದ ಗಾಡಿಯ ಹತ್ತಿರ ನೆಂಟರು ಗುಂಪುಗುಂಪಾಗಿ ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಸಾವಿಗೆಂದು ಹೊರಟವರಲ್ಲ. ಆ ದಿನ ಅಜ್ಜಿಗೆ ಎಂಬತ್ತು ತುಂಬಬೇಕಿತ್ತು. ಅವಳೇ ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದು, ಹಾಲ್ ಗೊತ್ತುಮಾಡಿದ್ದಳು. ಹಿಂದಿನ ದಿನ ನಸುಕಿನಲ್ಲಿ ನಿದ್ದೆಯಲ್ಲೇ ಹೋದಳು. ಸುದ್ದಿ ಮುಟ್ಟುವಾಗ ದೂರದವರು ಆಗಲೇ ದಾರಿಯಲ್ಲಿದ್ದರು.

"ಹಾಲ್‌ನವರಿಗೆ ಫೋನ್ ಮಾಡಿ ಬೇಡ ಅನ್ನೋಕೆ ಹೇಳು ನಿಮ್ಮತ್ತೆಗೆ" ಎಂದ ಅಣ್ಣ. "ಹುಟ್ಟುಹಬ್ಬದ ಊಟವಂತೆ! ಯಾರ ಗಂಟಲಲ್ಲಿ ಇಳಿಯುತ್ತೆ?"

ತಂಗಿ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತಿದ್ದವಳು ತಲೆ ಎತ್ತಲಿಲ್ಲ. "ಬರ್ತೀವಿ ಅಂತ ಆಗಲೇ ಹೇಳಿದ್ದೀನಿ. ಅಮ್ಮ ಕರೆದ ಊಟ ಅದು. ಯಾರೂ ಬರದಿದ್ರೆ ನಾನೊಬ್ಬಳೇ ಕೂತು ಉಂಡು ಬರ್ತೀನಿ. ಹೇಳು ನಿಮ್ಮಪ್ಪನಿಗೆ."

ಮೊಮ್ಮಗಳು ಹೇಳಿದಳು.

*

ಕಳೆದ ತಿಂಗಳು ಅಜ್ಜಿ ಮಗನ ಮನೆಗೆ ಬಂದವಳು ಕೂರುವ ಮೊದಲೇ ವಿಷಯಕ್ಕೆ ಬಂದಿದ್ದಳು.

"ನನಗೆ ಉಡುಗೊರೆಗಿಡುಗೊರೆ ಬೇಡ. ನೀನೂ ನಿನ್ನ ತಂಗಿಯೂ ಒಂದೇ ಮೇಜಲ್ಲಿ ಉಣ್ಣಬೇಕು."

"ಅವಳು ಬರ್ತಾಳಾ?"

"ಅವಳೂ ಹೀಗೇ ಕೇಳ್ತಾಳೆ ನೋಡು."

"ಬಂದ್ರೂ ಮಾತಾಡಲ್ಲಮ್ಮ ಅವಳು."

"ಬೇಡ ಬಿಡು. ಉಪ್ಪು ಕೊಡು ಅನ್ನೋಕಾದ್ರೂ ಬಾಯಿ ಬಿಡ್ಲೇಬೇಕಲ್ಲ? ಅಡುಗೆಯವನಿಗೆ ಉಪ್ಪು ಕಮ್ಮಿ ಹಾಕು ಅಂತೀನಿ."

ಮಗ ನಕ್ಕುಬಿಟ್ಟಿದ್ದ. ನೀರು ಕುಡಿದು, ಅದೇ ಬಿಸಿಲಲ್ಲಿ ಅವಳು ಮಗಳ ಮನೆಯ ಕಡೆ ನಡೆದಳು. ಮೊಮ್ಮಗಳು ಕಾರಿನಲ್ಲಿ ಬಿಡುತ್ತೇನೆ ಎಂದರೆ, "ನೀನು ಬಿಟ್ಟರೆ ನಿಮ್ಮಪ್ಪ ಕಳಿಸಿದ ಹಾಗಾಗುತ್ತೆ" ಎಂದಿದ್ದಳು.

*

ಮಣ್ಣು ಕೊಟ್ಟು ಮುಗಿಯಿತು. ಸ್ಮಶಾನದ ಗೇಟಿನ ಹೊರಗೆ ಜನ ಎಲ್ಲಿಗೆ ಹೋಗುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಯಾರಿಗೂ ಕಾಯದೆ ಟ್ಯಾಕ್ಸಿ ಹತ್ತಿದಳು. ಅವಳ ಹಿಂದೆ ಒಂದಿಬ್ಬರು, ಆಮೇಲೆ ಇನ್ನಷ್ಟು ಮಂದಿ ಹೊರಟರು.

"ಮನೆಗೆ ಹೋಗೋಣ ನಡಿ" ಎಂದ ಅಣ್ಣ. "ತಲೆ ನೋವಂತೆ ಅಂತ ನಿಮ್ಮತ್ತೆಗೊಂದು ಫೋನ್ ಮಾಡಿಬಿಡು."

"ಮಾಡಲ್ಲ."

"ಏನಂದೆ?"

"ಇನ್ನು ಮೇಲೆ ನಿಮ್ಮ ಮಾತು ಅವರಿಗೆ, ಅವರ ಮಾತು ನಿಮಗೆ ಹೇಳೋ ಕೆಲಸ ನಾನು ಮಾಡಲ್ಲಪ್ಪ. ಸ್ಕೂಲಿಗೆ ಹೋಗುವಾಗಿಂದ ಮಾಡಿ ಸಾಕಾಗಿದೆ. ಹೇಳೋದಿದ್ರೆ ನೀವೇ ಬಂದು ಹೇಳಿ." ಅವಳು ಅವನ ಕೈಯಿಂದ ಕಾರಿನ ಬೀಗದ ಕೈ ತೆಗೆದುಕೊಳ್ಳದೆ, ಅಂಗೈ ಚಾಚಿ ನಿಂತಳು. "ನಾನು ಹಾಲ್‌ಗೆ ಹೋಗ್ತಿದ್ದೀನಿ. ಬೇಡ ಅಂದ್ರೆ ನಡ್ಕೊಂಡು ಹೋಗ್ತೀನಿ."

ಅವನು ಆ ಕೈಯನ್ನು ನೋಡಿದ. ಕೊನೆಗೆ ಬೀಗದ ಕೈ ಅದರೊಳಗಿಟ್ಟು, ಕಾರು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತ.

ಹಾಲ್‌ನಲ್ಲಿ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಬಡಿಸುವವರು ದನಿ ತಗ್ಗಿಸಿ ಓಡಾಡುತ್ತಿದ್ದರು. ತಂಗಿಯ ಎದುರಿನ ಕುರ್ಚಿಯೊಂದೇ ಖಾಲಿ ಇತ್ತು. ಅಣ್ಣ ಅದನ್ನು ಎಳೆದು ಕೂತ. ಇಬ್ಬರೂ ತಟ್ಟೆ ನೋಡುತ್ತ ಉಂಡರು. ಎದುರಿನವನ ಉಗುರಿನಲ್ಲಿ ಮಣ್ಣು ಉಳಿದದ್ದು ಕಂಡು ತಂಗಿ ಏನೋ ಹೇಳಲು ಹೋಗಿ ತುತ್ತು ಬಾಯಿಗಿಟ್ಟಳು.

ಆಗ ಬಾಗಿಲು ತಳ್ಳಿಕೊಂಡು ಮುದುಕನೊಬ್ಬ ಒಳಗೆ ಬಂದ. ಒಂದು ಕೈಯಲ್ಲಿ ಸೂಟ್‌ಕೇಸು, ಬೋಳು ತಲೆಯ ಮೇಲೆ ಮಕ್ಕಳು ಹುಟ್ಟುಹಬ್ಬಕ್ಕೆ ಹಾಕುವಂಥ ಬಣ್ಣದ ಕಾಗದದ ಟೋಪಿ. ಅವನು ಅಜ್ಜಿಯ ತಮ್ಮ. ಮೊಬೈಲ್ ಎಂದರೆ ಮಾರು ದೂರ ಇರುವ ಮನುಷ್ಯ. ರೈಲು ಬದಲಿಸುತ್ತ ಬರುತ್ತಿದ್ದವನಿಗೆ ಸುದ್ದಿ ಮುಟ್ಟಿಸಲು ಯಾರಿಗೂ ಆಗಿರಲಿಲ್ಲ. ಸ್ಟೇಷನ್ನಿನಿಂದ ನೇರವಾಗಿ ಇಲ್ಲಿಗೇ ಬಂದಿದ್ದ.

"ಇದೇನು, ಎಲ್ಲರೂ ಹೀಗೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ದೀರಾ? ಲೇಟಾಗಿ ಬಂದದ್ದಕ್ಕೆ ಬೈತಾಳೆ ಅಂತಲಾ? ಎಲ್ಲಿ ನಮ್ಮಕ್ಕ? ಬೇಡ, ಹೇಳ್ಬೇಡಿ. ನಾನೇ ಹುಡುಕ್ತೀನಿ."

ಎಲ್ಲರೂ ಮೊಮ್ಮಗಳ ಕಡೆ ನೋಡಿದರು. ಅವಳು ಅಲುಗಾಡಲಿಲ್ಲ.

ಅಣ್ಣ ಮೇಜಿನಾಚೆ ನೋಡಿದ. "ನೀನು ಹೇಳ್ತೀಯಾ?" ಎಂದ. "ನನ್ನ ಕೈಲಾಗಲ್ಲ ಕಣೆ."

"ನನ್ನೊಬ್ಬಳ ಕೈಲೂ ಆಗಲ್ಲ. ಏಳು, ಅಣ್ಣ."

ಇಬ್ಬರೂ ಎದ್ದರು. ಮೇಜಿನ ಎರಡು ಬದಿಯಿಂದ ನಡೆದು ಹೋಗಿ, ನಗುತ್ತ ನಿಂತಿದ್ದ ಸೋದರಮಾವನ ಆ ತೋಳನ್ನು ಒಬ್ಬರು ಈ ತೋಳನ್ನು ಒಬ್ಬರು ಹಿಡಿದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ತಂಗಿ ಅವನ ಕಾಲ ಬಳಿ ಕುಕ್ಕರಿಸಿದಳು. ಅಣ್ಣ ಬಗ್ಗಿ, ಮೊದಲು ಅವನ ಗಲ್ಲದಡಿಯ ದಾರ ಬಿಡಿಸಿ, ಆ ಟೋಪಿಯನ್ನು ಮೆಲ್ಲಗೆ ತಲೆಯಿಂದ ತೆಗೆದ.